ಗಂಧದ ಬಲೆ: ಮೃಗಬೇಟೆಯ ಮಾಯೆ ಮತ್ತು ಶ್ರಾವಕಧರ್ಮ

ಚಿಂಚೋಳಿಗೆ ಹೊಂದಿಕೊಂಡಿರುವ ಚಂದಾಪುರದಿಂದ ಕೊಂಚಾವರಂ ಕಡೆಗೆ ಹೊರಟವರಿಗೆ ತೊಗರಿ, ಜೋಳದ ಹೊಲಗಳು ಹಿಂದಾಗಿ ಕುರುಚಲು ಕಾಡು ಮೊದಲಾಗುವ ಸೀಮೆ ಎದುರಾಗುತ್ತದೆ. ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಈ ಅರಣ್ಯವು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಅದರ ವಿಸ್ತೀರ್ಣ ಸುಮಾರು 135 ಚದರ ಕಿಲೋಮೀಟರು. ಕೃಷ್ಣಮೃಗ, ನಾಲ್ಕು ಕೊಂಬಿನ ಕೊಂಡುಕುರಿ, ತೋಳ, ಕತ್ತೆಕಿರುಬ ಮೊದಲಾದ ಪ್ರಾಣಿಗಳು ಇಲ್ಲಿವೆ. ಒಣಭೂಮಿಯ ಕಾಡೆಂದರೆ ಬರಡು ನೆಲವೆಂದು ತಿಳಿದವರಿಗೆ ಈ ಪಟ್ಟಿಯೇ ಒಂದು ಉತ್ತರ.

ಇದೇ ಸೀಮೆಯ ಒಂದು ಮಗ್ಗುಲಿಗೆ ಸೇಡಂ ತಾಲೂಕಿನ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವ ಪ್ರಾಚೀನ ಬಸದಿಯು ನೇಮಿನಾಥ ಸ್ವಾಮಿಯದು. ತನ್ನ ವಿವಾಹದ ನೆಪದಲ್ಲಿ ಕೂಡಿಹಾಕಲ್ಪಟ್ಟ ಮೃಗಗಳನ್ನು ಕಂಡು ರಥವನ್ನು ಹಿಂದಿರುಗಿಸಿದ ತೀರ್ಥಂಕರ ಆತ. ಸೇಡಂ ಪಟ್ಟಣದಲ್ಲಿ, ಶಾಸನಗಳು ಹೇಳುವ ಸೇಡಿಂಬದಲ್ಲಿ, ಕ್ರಿ.ಶ. 1124ರಲ್ಲಿ ಮುನ್ನೂರ್ವರು ಮಹಾಜನರು ಕಟ್ಟಿಸಿದ ಬಸದಿಯು ಶಾಂತಿನಾಥ ಸ್ವಾಮಿಯದು. ಆತನ ಲಾಂಛನವೇ ಜಿಂಕೆ. ಅಂದು ಆಳುತ್ತಿದ್ದವನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ. ಎರಡು ವರ್ಷಗಳ ತರುವಾಯ ಪಟ್ಟಕ್ಕೆ ಬಂದ ಅವನ ಮಗ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಅದರಲ್ಲಿ ರಾಜನ ವಿನೋದಗಳನ್ನು ಹೇಳುವ ಭಾಗದ ಇಪ್ಪತ್ತರಲ್ಲಿ ಒಂದು ಮೃಗಯಾವಿನೋದ, ಎಂದರೆ ಮೃಗಬೇಟೆ. ಜಿಂಕೆಯನ್ನು ಪೀಠದ ಕೆಳಗೆ ಲಾಂಛನವಾಗಿ ಕೆತ್ತಿದ ನಾಡೇ ಜಿಂಕೆಯನ್ನು ಕೊಲ್ಲುವ ಕುಶಲತೆಯನ್ನೂ ಶಾಸ್ತ್ರವಾಗಿಸಿತು. ಇವೆರಡರ ನಡುವೆ ಹತ್ತು ವರ್ಷಗಳ ಅಂತರವೂ ಇಲ್ಲ.

ಸೋಮೇಶ್ವರನು ವಿದ್ವಾಂಸ, ‘ಸರ್ವಜ್ಞ’ನೆಂಬ ಬಿರುದು ಅವನಿಗೆ ಸುಮ್ಮನೆ ಬಂದುದಲ್ಲ. ಬೇಟೆನಾಯಿ, ಗಿಡುಗ, ಮೀನುಗಾರಿಕೆ ಇವೆಲ್ಲಕ್ಕೂ ಅವನ ಗ್ರಂಥದಲ್ಲಿ ಬೇರೆ ಬೇರೆ ಅಧ್ಯಾಯಗಳಿವೆ. ಯಾವ ಮೀನಿಗೆ ಯಾವ ಎರೆ ಎಂಬುದನ್ನೂ ಆತ ಬಿಟ್ಟಿಲ್ಲ. ಮೃಗಬೇಟೆಯಲ್ಲಿ ಪಳಗಿಸಿದ ಮೃಗವನ್ನು ಮುಂದಿಟ್ಟು ಕಾಡಿನ ಮೃಗವನ್ನು ಸೆಳೆದು ಹೊಡೆಯುವ ಬಗೆಯೂ ಸೇರಿದೆ. ಹಳಗನ್ನಡದಲ್ಲಿ ಇಂಥ ಸೆಳೆಯುವ ಪ್ರಾಣಿಗೆ ‘ದೀವ’ವೆಂಬ ಹೆಸರೇ ಉಂಟು. ಸಂಸ್ಕೃತದ ‘ದೀಪ’ದಿಂದ ಬಂದ ಮಾತು. ಬೆಳಕನ್ನು ಕಂಡು ಪತಂಗವು ಬರುವಂತೆ ದೀವವನ್ನು ಕಂಡು ಮೃಗವು ಬರುತ್ತದೆ. ಹೆಸರನ್ನಿಟ್ಟವರಿಗೆ ಅದರ ಕ್ರೌರ್ಯ ತಿಳಿಯದೆ ಇದ್ದಿರಲಾರದು.

ಒಂದೊಂದು ಇಂದ್ರಿಯದ ವಶವಾಗಿ ಒಂದೊಂದು ಜೀವಿ ಕೆಡುವುದೆಂಬ ದೃಷ್ಟಾಂತವು ಜೈನ ಮಂದಿರಗಳ ಪ್ರವಚನದಲ್ಲಿ ಎಲ್ಲರೂ ಕೇಳಿರುವಂಥದು. ಸ್ಪರ್ಶದಿಂದ ಆನೆ, ರಸದಿಂದ ಮೀನು, ಗಂಧದಿಂದ ದುಂಬಿ, ರೂಪದಿಂದ ಪತಂಗ, ಶಬ್ದದಿಂದ ಹರಿಣ. ಈ ಹಂಚಿಕೆಯಲ್ಲಿ ಜಿಂಕೆಗೆ ಬಂದುದು ಕಿವಿ. ಮೂಗು ದುಂಬಿಯ ಪಾಲು. ಬೇಡನ ಗಾನಕ್ಕೆ ಕಿವಿಗೊಟ್ಟು ನಿಂತ ಹರಿಣವು ಬಾಣಕ್ಕೆ ಬೀಳುತ್ತದೆಯೆಂಬುದು ಕವಿಗಳಿಗೆ ಒಪ್ಪುವ ಚಿತ್ರ. ಆದರೆ ಬೇಟೆಯ ಅನುಭವವು ಇದಕ್ಕಿಂತ ತುಸು ಬೇರೆ. ಬಯಲಿನ ಕೃಷ್ಣಮೃಗವು ಮುಖ್ಯವಾಗಿ ಕಣ್ಣನ್ನು ನಂಬಿ ಬದುಕುವ ಪ್ರಾಣಿ. ಆದುದರಿಂದಲೇ ಬಯಲಿನ ಬೇಟೆಗೆ ಕಣ್ಣಿಗೆ ಕಾಣುವ ದೀವ ಬೇಕಾಯಿತು. ಮರಗಳ ನಡುವೆ ಬಾಳುವ ಚುಕ್ಕೆಜಿಂಕೆ, ಕಡವೆಗಳಿಗೆ ಕಣ್ಣಿಗಿಂತ ಮೂಗು ದೂರಕ್ಕೆ ಹೋಗುತ್ತದೆ. ಮನುಷ್ಯನ ಬೆವರಿನ ವಾಸನೆ ಗಾಳಿಯಲ್ಲಿ ಬಂದರೆ ಸಾಕು, ಮನುಷ್ಯನನ್ನು ನೋಡುವ ಮೊದಲೇ ಹಿಂಡು ಚದರುತ್ತದೆ. (ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಕೃಷ್ಣಮೃಗವೂ ಕೊಂಡುಕುರಿಯೂ ಜಿಂಕೆಗಳಲ್ಲ, ಅವುಗಳ ಕೊಂಬು ವರ್ಷವರ್ಷಕ್ಕೆ ಉದುರುವುದಿಲ್ಲ. ಆದರೆ ಕನ್ನಡದ ‘ಜಿಂಕೆ’ ಎಂಬ ಮಾತು ಈ ಭೇದವನ್ನು ಎಣಿಸುವುದಿಲ್ಲ; ಬಾಣವೂ ಎಣಿಸಲಿಲ್ಲ.)

ಹೀಗೆ ಘ್ರಾಣೇಂದ್ರಿಯವು ಜಿಂಕೆಗೆ ವೈರಿಯಲ್ಲ, ಕಾವಲುಗಾರ. ಅದೇ ಮೂಗು ತನ್ನವರೊಡನೆ ಮಾತನಾಡುವ ಸಾಧನವೂ ಹೌದು. ಕೃಷ್ಣಮೃಗದ ಗಂಡು ಕಣ್ಣಿನ ಮುಂಭಾಗದ ಗ್ರಂಥಿಯ ಸ್ರಾವವನ್ನು ಕಡ್ಡಿ, ಹುಲ್ಲಿನ ತುದಿಗಳಿಗೆ ಸವರಿ, ಗೊತ್ತಾದ ಜಾಗದಲ್ಲಿ ಹಿಕ್ಕೆಯನ್ನು ರಾಶಿಮಾಡಿ, ಇದು ತನ್ನ ಸೀಮೆಯೆಂದು ಸಾರುತ್ತದೆ. ಬೆದೆಗೆ ಬಂದ ಹೆಣ್ಣಿನ ಮೂತ್ರದ ವಾಸನೆಯಿಂದ ಗಂಡು ಅದರ ಸ್ಥಿತಿಯನ್ನು ಅರಿಯುತ್ತದೆ. ಈ ಭಾಷೆಯನ್ನು ಕದ್ದು ಕಲಿತವನು ಬೇಟೆಗಾರ. ಲೋಕದ ನಾನಾ ಕಡೆಗಳಲ್ಲಿ ಅವನು ಹೂಡಿದ ಉಪಾಯಗಳು ಎರಡೇ ಬಗೆಯವು. ಒಂದು, ತನ್ನ ವಾಸನೆಯನ್ನು ಮರೆಸುವುದು: ಗಾಳಿಯು ಮೃಗದ ಕಡೆಯಿಂದ ತನ್ನ ಕಡೆಗೆ ಬೀಸುವಂತೆ ನಿಲ್ಲುವುದು, ಉಡುಪಿಗೆ ಮಣ್ಣು, ಸೊಪ್ಪು, ಹೊಗೆ ಅಥವಾ ಬೇರೊಂದು ಪ್ರಾಣಿಯ ಮೂತ್ರದ ವಾಸನೆ ಹತ್ತಿಸುವುದು. ಇನ್ನೊಂದು, ಇಲ್ಲದ ಸಂಗಾತಿಯನ್ನು ಇದೆಯೆಂದು ನಂಬಿಸುವುದು: ಹೆಣ್ಣಿನ ವಾಸನೆಯನ್ನು ದಾರಿಯಲ್ಲಿ ಚೆಲ್ಲಿ ಗಂಡನ್ನು ಬಾಣದ ಅಳತೆಗೆ ಕರೆಸುವುದು. ಮೊದಲನೆಯದು ಕಾವಲುಗಾರನ ಕಣ್ಣು ಕಟ್ಟಿದಂತೆ; ಎರಡನೆಯದು ಕಾವಲುಗಾರನಿಂದಲೇ ಬಾಗಿಲು ತೆಗೆಸಿದಂತೆ.

ಇಲ್ಲಿಗೆ ಜೈನಾಚಾರ್ಯರ ವಿಚಾರವನ್ನು ತರಬೇಕು. ಬೇಟೆಯು ಸಪ್ತವ್ಯಸನಗಳಲ್ಲಿ ಒಂದೆಂಬುದು ಪಾಠಶಾಲೆಯ ಮಕ್ಕಳಿಗೂ ಗೊತ್ತು. ಅಷ್ಟಕ್ಕೇ ನಿಂತರೆ ಬಿಲ್ಲು ಹಿಡಿಯದ ಗೃಹಸ್ಥನು ನಿರಾಳವಾಗಿ ಕುಳಿತುಕೊಳ್ಳಬಹುದು. ಆಚಾರ್ಯರು ಹಾಗೆ ಕುಳಿತುಕೊಳ್ಳಗೊಡಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ವಿಧವಾಗಿ ಹೇಳುವಾಗ ಮೊದಲಿಗೆ ಪಾಪೋಪದೇಶವನ್ನು ಇಡುತ್ತಾರೆ. ಪ್ರಾಣಿಗಳ ವ್ಯಾಪಾರ, ಹಿಂಸೆ, ಆರಂಭ ಇವುಗಳ ಜೊತೆಗೆ ‘ಪ್ರಲಂಭನ’, ಎಂದರೆ ವಂಚಿಸಿ ಸೆಳೆಯುವುದು, ಅದರ ಪ್ರಸಂಗವನ್ನು ಮಾತಿನಲ್ಲಿ ಎತ್ತುವುದೂ ಅದರಲ್ಲಿ ಸೇರುತ್ತದೆ. ಎರಡನೆಯದು ಹಿಂಸಾದಾನ: ಕೊಡಲಿ, ಕತ್ತಿ, ಬೆಂಕಿ, ಸಂಕೋಲೆ ಮೊದಲಾದ ಹಿಂಸೋಪಕರಣಗಳನ್ನು ಇನ್ನೊಬ್ಬರ ಕೈಗೆ ಕೊಡುವುದು.

ಭಟ್ಟಾಕಲಂಕದೇವರು ತತ್ತ್ವಾರ್ಥವಾರ್ತಿಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಬಲೆಗಾರರಿಗೆ, ಹಂದಿ ಬೇಟೆಯವರಿಗೆ, ಹಕ್ಕಿ ಹಿಡಿಯುವವರಿಗೆ, ಇಂಥ ಕಡೆ ಜಿಂಕೆಗಳಿವೆ, ಹಂದಿಗಳಿವೆ, ಪಕ್ಷಿಗಳಿವೆಯೆಂದು ತಿಳಿಸುವುದನ್ನು ಅವರು ‘ವಧಕೋಪದೇಶ’ವೆಂದು ಹೆಸರಿಸಿದ್ದಾರೆ. ಇದು ಪಾಪೋಪದೇಶದ ಒಂದು ಭೇದ. ಬಾಣ ಬಿಟ್ಟವನಲ್ಲ, ಬಲೆ ನೇಯ್ದವನಲ್ಲ, ಬಾಯಲ್ಲಿ ಒಂದು ಮಾತು ಆಡಿದವನು ಇಲ್ಲಿ ಸಿಕ್ಕಿಬೀಳುತ್ತಾನೆ. ಚಾಮುಂಡರಾಯನ ಚಾರಿತ್ರಸಾರದಲ್ಲಿಯೂ ಇದೇ ವಿಚಾರ ಬರುತ್ತದೆ. ಆತನು ಸ್ವತಃ ಸೇನಾನಾಯಕನಾಗಿದ್ದವನು, ಸುದ್ದಿಯ ಬೆಲೆಯನ್ನು ಬಲ್ಲವನು. ಕಥಾಕೋಶಗಳು ಅಕಲಂಕರನ್ನು ಮಾನ್ಯಖೇಟದ ಮಂತ್ರಿಯ ಮಗನೆಂದು ಹೇಳುತ್ತವೆ. ಅವರ ಕಾಲ ಎಂಟನೆಯ ಶತಮಾನ, ಮಾನ್ಯಖೇಟವು ರಾಜಧಾನಿಯಾದುದು ಒಂಬತ್ತನೆಯದರಲ್ಲಿ. ಕಾಲಗಣನೆಯು ಕಥೆಗೆ ಹೊಂದುವುದಿಲ್ಲ. ಆದರೂ ಈ ಸೀಮೆಯ ಜೈನರು ಆ ಹೆಸರನ್ನು ತಮ್ಮದೆಂದು ಹೇಳಿಕೊಳ್ಳುತ್ತ ಬಂದಿರುವಾಗ, ಹೆಸರಿನೊಡನೆ ಆ ವಾಕ್ಯದ ಹೊಣೆಯೂ ಬರುತ್ತದೆ.

ವ್ಯಾಪಾರಿಗಳಿಗೆ ಲೆಕ್ಕದ ಭಾಷೆ ಹತ್ತಿರವಾದುದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜೀವಾಧಿಕರಣದ ಲೆಕ್ಕವೊಂದಿದೆ. ಸಂಕಲ್ಪಿಸುವ ಸಂರಂಭ, ಸಾಧನಗಳನ್ನು ಕೂಡಿಸುವ ಸಮಾರಂಭ, ಕಾರ್ಯಕ್ಕೆ ತೊಡಗುವ ಆರಂಭ, ಹೀಗೆ ಮೂರು. ಮನಸ್ಸು, ವಚನ, ಕಾಯ ಮೂರು. ತಾನೇ ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಮೂರು. ಕ್ರೋಧ, ಮಾನ, ಮಾಯೆ, ಲೋಭ ನಾಲ್ಕು. ಗುಣಿಸಿದರೆ 108. ಬೇಟೆಯ ಒಂದೇ ಒಂದು ಸಾವನ್ನು ಈ ಖಾತೆಗೆ ಹಾಕಿ ನೋಡಿದರೆ ಬಾಣ ಬಿಟ್ಟದ್ದು ಒಂದೆರಡು ಕಲಮುಗಳಲ್ಲಿ ಮುಗಿಯುತ್ತದೆ. ಗಂಧವನ್ನು ಸಂಗ್ರಹಿಸಿದ್ದು ಸಮಾರಂಭದ ಕಲಮು. ಅದನ್ನು ಮಾರಿದ್ದು ಲೋಭದ ಕಲಮು. ಹಿಂಡಿನ ಜಾಗ ಹೇಳಿದ್ದು ವಚನದ ಕಲಮು. ಊಟದ ಸಾಲಿನಲ್ಲಿ ಬೇಟೆಯ ಕಥೆ ಕೇಳಿ ‘ಭಲೆ’ ಎಂದದ್ದು ಅನುಮತದ ಕಲಮು. ವಂಚನೆಯಿಂದ ಕರೆಸಿದ್ದರಿಂದ ಎಲ್ಲ ಸಾಲುಗಳ ಮುಂದೂ ಮಾಯೆಯು ನಿಲ್ಲುತ್ತದೆ. ಮಾಯೆಯು ತಿರ್ಯಗ್ಯೋನಿಯ ಆಯುಷ್ಯಕ್ಕೆ ಕಾರಣವೆಂದು ಅದೇ ಅಧ್ಯಾಯ ಹೇಳುತ್ತದೆ: ಪ್ರಾಣಿಯನ್ನು ಮೋಸದಿಂದ ಕರೆದವನಿಗೆ ಕಾದಿರುವುದು ಪ್ರಾಣಿಜನ್ಮವೇ.

ಇಂದ್ರಿಯಗಳು ಐದು, ಬಲಗಳು ಮೂರು, ಆಯು ಮತ್ತು ಶ್ವಾಸೋಚ್ಛ್ವಾಸ, ಹೀಗೆ ಪ್ರಾಣಗಳು ಹತ್ತು. ಘ್ರಾಣವೂ ಪ್ರಾಣವೇ. ಹಾಗಿದ್ದ ಮೇಲೆ ಜಿಂಕೆಯ ಮೂಗಿಗೆ ಮರೆಯೊಡ್ಡಿದವನು ಬಾಣಕ್ಕೆ ಮೊದಲೇ ಒಂದು ಪ್ರಾಣದ ಮೇಲೆ ಕೈಹಾಕಿದಂತೆ. ಇದು ಛೇದನವಲ್ಲ, ಕೇವಲ ಮರೆಯೆಂದು ವಾದಿಸುವವರು ಇರಬಹುದು. ಆ ವಾದವು ಶಬ್ದಕ್ಕೆ ಹೊಂದುತ್ತದೆ. ಪ್ರಮತ್ತಯೋಗವೇ ಹಿಂಸೆಯ ಮೂಲವೆಂಬ ಸೂತ್ರದ ಹೃದಯಕ್ಕೆ ಹೊಂದುವುದಿಲ್ಲ.

ತೋರಿಕೆಯ ವಸ್ತುವಿನಿಂದಲೂ ಹಿಂಸೆಯಾದೀತೇ ಎಂಬ ಪ್ರಶ್ನೆಗೆ ಯಶೋಧರನ ಕಥೆಗಿಂತ ದೊಡ್ಡ ಉತ್ತರವಿಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, 959ರಲ್ಲಿ, ಸೋಮದೇವಸೂರಿಗಳು ಯಶಸ್ತಿಲಕವನ್ನು ಮುಗಿಸಿದರು. 1209ರಲ್ಲಿ ಜನ್ನನು ಅದೇ ಕಥೆಯನ್ನು ಕನ್ನಡಿಸಿದನು. ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿ. ಸತ್ತದ್ದು ಏನೂ ಇಲ್ಲ. ಆದರೆ ಕೊಲ್ಲುವ ಸಂಕಲ್ಪವಿತ್ತು. ಅದರ ಫಲವಾಗಿ ತಾಯಿಯೂ ಮಗನೂ ನವಿಲು, ನಾಯಿ ಮೊದಲಾದ ಜನ್ಮಗಳನ್ನು ಅಲೆದು, ಕೊನೆಗೆ ಕೋಳಿಗಳಾಗಿ ಕೂಗಿದಾಗ, ಆ ಧ್ವನಿಯನ್ನು ಗುರಿಯಾಗಿಸಿ ಬಿಟ್ಟ ಶಬ್ದವೇಧಿ ಬಾಣಕ್ಕೆ ಬಲಿಯಾದರು. ಬಾಣ ಬಿಟ್ಟವನು ಯಶೋಮತಿ, ಯಶೋಧರನ ಸ್ವಂತ ಮಗ. ಹಿಟ್ಟಿನ ಕೋಳಿಯೂ ಸೀಸೆಯೊಳಗಿನ ವಾಸನೆಯೂ ಒಂದೇ ಜಾತಿಯವು. ಎರಡೂ ಇಲ್ಲದ ಪ್ರಾಣಿಯ ವೇಷಗಳು. ಭೇದವಿಷ್ಟೇ, ಹಿಟ್ಟಿನ ಕೋಳಿಯಿಂದ ಬೇರೆ ಪ್ರಾಣಿ ಸಾಯಲಿಲ್ಲ.

ದೀವದ ಪದ್ಧತಿಯು ಕಲ್ಯಾಣದೊಡನೆ ಅಳಿಯಲಿಲ್ಲ. ಅಬುಲ್ ಫಜಲನ ‘ಐನ್-ಎ-ಅಕ್ಬರಿ’ಯಲ್ಲಿ ಪಳಗಿದ ಗಂಡುಜಿಂಕೆಯ ಕೊಂಬಿಗೆ ಬಲೆ ಕಟ್ಟಿ ಬಿಡುವ ಕ್ರಮವು ವಿವರವಾಗಿದೆ, ತನ್ನ ಸೀಮೆಯನ್ನು ಕಾಯಲು ಕಾದಾಡಲು ಬಂದ ಕಾಡುಜಿಂಕೆಯು ಕೊಂಬೋ ಕಾಲೋ ಕಿವಿಯೋ ಸಿಕ್ಕಿ ಸೆರೆಯಾಗುತ್ತದೆ. ಆ ಅಕ್ಬರನ ಬಳಿಗೆ 1583ರಲ್ಲಿ ಶ್ವೇತಾಂಬರಾಚಾರ್ಯ ಹೀರವಿಜಯಸೂರಿಗಳು ಫತೇಪುರ ಸಿಕ್ರಿಗೆ ಹೋದುದು, ಪರ್ಯೂಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಲ್ಲಿಸುವ ಫರಮಾನು ಹೊರಟುದು ಪ್ರಸಿದ್ಧವಾಗಿದೆ. ಅವನ ಮಗ ಜಹಾಂಗೀರನಿಗೆ ಮನಸರಾಜನೆಂಬ ಜಿಂಕೆಯಿತ್ತು. ಕಾಡುಜಿಂಕೆಗಳನ್ನು ಹಿಡಿಯುವುದರಲ್ಲಿ ಅದಕ್ಕೆ ಸಮವಿರಲಿಲ್ಲ. ಅದು ಸತ್ತಾಗ ಬಾದಶಹನು ಇಂದು ಪಾಕಿಸ್ತಾನದಲ್ಲಿರುವ ಶೇಖೂಪುರದಲ್ಲಿ ಗೋರಿಯನ್ನೂ ಹಿರನ್ ಮಿನಾರನ್ನೂ ಕಟ್ಟಿಸಿ, ಆ ಬಯಲಿನಲ್ಲಿ ಇನ್ನು ಯಾರೂ ಜಿಂಕೆಯನ್ನು ಬೇಟೆಯಾಡಬಾರದೆಂದು ಆಜ್ಞೆ ಹೊರಡಿಸಿದನು. ತನ್ನ ಕುಲದವರನ್ನು ಬಲೆಗೆ ತಂದ ಜಿಂಕೆಯ ಹೆಸರಿನಲ್ಲಿ ಜಿಂಕೆಗಳಿಗೆ ಅಭಯ! ಜಹಾಂಗೀರನ ಮನಸ್ಸನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ.

ದಖ್ಖನಿನಲ್ಲಿ ಈ ಕುಶಲತೆಯನ್ನು ತಲೆಮಾರಿನಿಂದ ತಲೆಮಾರಿಗೆ ಉಳಿಸಿಕೊಂಡವರು ಪಾರ್ಧಿಗಳು. ಕರ್ನಾಟಕದಲ್ಲಿ ಅವರ ಒಂದು ಹೆಸರು ಹರಣಶಿಕಾರಿ. ಜಿಂಕೆಯ ಬೇಟೆಗಾರನೆಂದೇ ಅದರ ಅರ್ಥ. ಪಳಗಿದ ಜಿಂಕೆಯ ಕೊಂಬಿಗೆ ಉರುಲು ಕಟ್ಟುವುದು, ಎತ್ತಿನ ಮರೆಯಲ್ಲಿ ನಡೆದು ಹಿಂಡನ್ನು ಸಮೀಪಿಸುವುದು ಅವರ ವಿದ್ಯೆಗಳು. ಎತ್ತಿನ ಮರೆಯು ಕಣ್ಣಿಗೂ ಮೂಗಿಗೂ ಒಟ್ಟಿಗೆ ಮರೆ. ಬ್ರಿಟಿಷ್ ಸರಕಾರವು 1871ರ ಕಾಯಿದೆಯಿಂದ ಇಂಥ ಅನೇಕ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟಿತು. ಆ ಕಳಂಕವು ಕಾನೂನಿನಿಂದ ತೆಗೆಯಲ್ಪಟ್ಟದ್ದು 1952ರಲ್ಲಿ. ಇಂದು ಕರ್ನಾಟಕದಲ್ಲಿ ಅವರು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದ್ದಾರೆ. ಬೇಟೆಯ ಮಾತು ಬಂದೊಡನೆ ಸಭ್ಯಸಮಾಜದ ಬೆರಳು ಅವರ ಗುಡಿಸಲ ಕಡೆಗೇ ತಿರುಗುವುದುಂಟು. ಹೊಟ್ಟೆಗಾಗಿ ಉರುಲು ಕಟ್ಟಿದವನಿಗೆ ಸೆರೆಮನೆ, ವಿನೋದಕ್ಕಾಗಿ ಶಾಸ್ತ್ರ ಬರೆದವನಿಗೆ ಬಿರುದು, ಬಂದೂಕಿನ ಕಾಲದಲ್ಲಿ ಸತ್ತ ಮೃಗದ ತಲೆಯನ್ನು ಗೋಡೆಗೆ ತೂಗಿದವನಿಗೆ ದೊಡ್ಡಸ್ತಿಕೆ: ಇತಿಹಾಸದ ಹಂಚಿಕೆ ಹೀಗಿತ್ತು. ಸಂಕಲ್ಪಿ ಹಿಂಸೆಯೆಂಬ ಮಾತಿಗೆ ಅರ್ಥವಿದ್ದರೆ ವಿನೋದದ ಬೇಟೆಯೇ ಮೊದಲು ಅದರ ಅಡಿಯಲ್ಲಿ ಬರಬೇಕು.

ವಿನೋದದ ಬೇಟೆಯಲ್ಲಿ ಗಂಧವು ಇಂದು ಸೀಸೆಯಲ್ಲಿ ಬರುವ ಸರಕಾಗಿದೆ. ಅಮೆರಿಕದಲ್ಲಿ ಶರತ್ಕಾಲದ ಬೇಟೆಯ ದಿನಗಳಿಗೆಂದು ಬೆದೆಗೆ ಬಂದ ಹೆಣ್ಣುಜಿಂಕೆಯ ಮೂತ್ರವನ್ನೂ, ಮನುಷ್ಯನ ವಾಸನೆ ಮರೆಸಲು ನರಿಯ ಮೂತ್ರವನ್ನೂ, ಮಣ್ಣು, ದೇವದಾರಿನ ವಾಸನೆಗಳನ್ನೂ ಅಂಗಡಿಗಳಲ್ಲಿ ಮಾರುತ್ತಾರೆ. ಮೂತ್ರಕ್ಕಾಗಿ ಜಿಂಕೆಗಳನ್ನು ಕೊಟ್ಟಿಗೆಗಳಲ್ಲಿ ಸಾಕಿ, ಜಾಲಂದರದ ನೆಲದ ಕೆಳಗೆ ಅದನ್ನು ಸಂಗ್ರಹಿಸುವ ಉದ್ಯಮವಿದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ‘ಬಂಧ’. ಅದು ಇಲ್ಲಿ ವ್ಯಾಪಾರದ ಬಂಡವಾಳ. ಇದರಿಂದ ಇನ್ನೊಂದು ಸಂಕಟವೂ ಹುಟ್ಟಿತು. 1967ರಲ್ಲಿ ಕೊಲೊರಾಡೊದ ಒಂದು ಸಂಶೋಧನಾಲಯದ ಜಿಂಕೆಗಳಲ್ಲಿ ಮೊದಲು ಕಂಡ ಕ್ಷಯರೂಪದ ಮಿದುಳುರೋಗವು ಅಲ್ಲಿನ ಅನೇಕ ರಾಜ್ಯಗಳಿಗೆ ಹಬ್ಬಿದೆ. ಅದರ ಕಾರಣವಾದ ವಿಕೃತ ಪ್ರೋಟೀನು ಜೊಲ್ಲು, ಮಲ, ಮೂತ್ರಗಳಲ್ಲಿ ಹೊರಬರುತ್ತದೆ. ಸೀಸೆಯ ಮೂತ್ರವು ರೋಗವನ್ನು ಒಯ್ಯಬಹುದೆಂಬ ಭಯದಿಂದ ವರ್ಜೀನಿಯಾ ರಾಜ್ಯವು 2015ರಲ್ಲಿ ಬೇಟೆಗಾರರು ಅದನ್ನು ಬಳಸುವುದನ್ನು ನಿಷೇಧಿಸಿತು. ಇನ್ನೂ ಕೆಲವು ರಾಜ್ಯಗಳು ಅದೇ ದಾರಿ ಹಿಡಿದವು. ನಿಷೇಧವಾದುದು ವಂಚನೆಗಾಗಿ ಅಲ್ಲ, ಸೋಂಕಿಗಾಗಿ. ಮೂತ್ರದ ಬದಲಿಗೆ ಕೃತಕ ಗಂಧವನ್ನು ಬಳಸಲು ಅಲ್ಲಿ ಅಡ್ಡಿಯಿಲ್ಲ. ಆ ದೇಶದಲ್ಲಿ ಅಂಗಡಿ ನಡೆಸುತ್ತಿರುವ ಜೈನ ಕುಟುಂಬಗಳಿಗೆ ಇದು ದೂರದ ಮಾತಲ್ಲ. ಮದ್ಯ, ಮಾಂಸಗಳನ್ನು ಮಾರಬೇಕೇ ಎಂದು ಯೋಚಿಸುವವರು ಹಿಂಸಾದಾನದ ಈ ಚಿಕ್ಕ ಸೀಸೆಯನ್ನು ಗಮನಿಸದೆ ಹೋಗಬಹುದು.

ದೂರದ ಅಂಗಡಿಗಿಂತ ಹತ್ತಿರದಲ್ಲಿರುವುದು ದೇವರ ಮನೆಯ ಕರಂಡಕ. ಗಂಧದ ಇತಿಹಾಸದಲ್ಲಿ ಜಿಂಕೆಯು ಇನ್ನೊಂದು ರೀತಿಯಲ್ಲಿಯೂ ಬಲಿಯಾಗಿದೆ. ಸೋಮೇಶ್ವರನ ಗ್ರಂಥದಲ್ಲಿಯೇ ಉಪಭೋಗಗಳ ಭಾಗದಲ್ಲಿ ಕಸ್ತೂರಿ ಬೆರೆತ ವಿಲೇಪನಗಳಿವೆ. ಒಂದು ಅಧ್ಯಾಯದಲ್ಲಿ ಮೃಗಕ್ಕೆ ಬಾಣ, ಇನ್ನೊಂದರಲ್ಲಿ ಮೃಗದ ಮದ ಮೈಗೆ. ಕಸ್ತೂರಿಮೃಗವು ಕರ್ನಾಟಕದ ಪ್ರಾಣಿಯಲ್ಲ. ಹಿಮಾಲಯ, ಟಿಬೆಟ್ಟುಗಳಿಂದ ವರ್ತಕರ ಕೈಯಿಂದ ಕೈಗೆ ಅದು ದಕ್ಷಿಣಕ್ಕೆ ಬಂತು. ಗಂಡಿನ ಹೊಟ್ಟೆಯ ಕೆಳಗಿನ ಒಂದು ಚೀಲದಲ್ಲಿ ಸಿಗುವ ಕಸ್ತೂರಿ ಸುಮಾರು 25 ಗ್ರಾಂ. ಆ ಲೆಕ್ಕದಲ್ಲಿ ಒಂದು ಕಿಲೋಗ್ರಾಮಿಗೆ 40 ಗಂಡುಗಳು. ಉರುಲಿಗೆ ಗಂಡು ಹೆಣ್ಣೆಂಬ ವಿವೇಚನೆಯಿಲ್ಲದ್ದರಿಂದ ವ್ಯರ್ಥವಾಗಿ ಸತ್ತ ಹೆಣ್ಣು, ಮರಿಗಳು ಲೆಕ್ಕಕ್ಕೆ ಹೊರಗೆ. ದಂತ, ಚರ್ಮ ಮೊದಲಾದ ಪ್ರಾಣ್ಯಂಗಗಳ ವ್ಯಾಪಾರವನ್ನು ಹದಿನೈದು ಕರ್ಮಾದಾನಗಳಲ್ಲಿ ಸೇರಿಸಿ ನಿಷೇಧಿಸಿದ ಆಚಾರ್ಯರು ವರ್ತಕನ ಈ ಕೈಯನ್ನು ಬಲ್ಲವರಾಗಿದ್ದರು.

ಪುನುಗಿನ ಕಥೆಯೂ ಇದೇ. ಪುನುಗುಬೆಕ್ಕನ್ನು ಗೂಡಿನಲ್ಲಿಟ್ಟು, ಅದರ ಗ್ರಂಥಿಯಿಂದ ಹೆರೆದು ತೆಗೆಯುವ ದ್ರವ್ಯವು ದಕ್ಷಿಣದ ಅನೇಕ ದೇವಾಲಯಗಳಲ್ಲಿ ಬಳಕೆಯಲ್ಲಿತ್ತು. ಅಲ್ಲಿಯೂ ಸಾವಿಲ್ಲದೆ ‘ಬಂಧ’ವಿದೆ. ಜಿನಾಲಯಗಳ ಅಭಿಷೇಕಕ್ಕೆ ಶ್ರೀಗಂಧ, ಕೇಸರಿ, ಕರ್ಪೂರ, ಅಗರು ಧಾರಾಳವಾಗಿ ಸಾಕು. ಪರಿಮಳವೇ ಬೇಕೆಂದರೆ ಲತಾಕಸ್ತೂರಿಯ ಬೀಜವಿದೆ. ಬೆಂಡೆಯ ಜಾತಿಯ ಆ ಗಿಡದ ಬೀಜಕ್ಕೆ ಕಸ್ತೂರಿಯದೇ ವಾಸನೆ. ಕಸ್ತೂರಿ ಅರಿಶಿನವು ಹೆಸರಿನಲ್ಲಿ ಮಾತ್ರ ಕಸ್ತೂರಿ, ಅದಕ್ಕೆ ದೋಷವಿಲ್ಲ. 1888ರಲ್ಲಿ ಬಾವರ್ ಎಂಬ ರಸಾಯನಜ್ಞನು ಕೃತಕ ಕಸ್ತೂರಿಯನ್ನು ಕಂಡುಹಿಡಿದನು. 1926ರಲ್ಲಿ ರುಜಿಚ್ಕಾ ನಿಜವಾದ ಕಸ್ತೂರಿಯ ಸುವಾಸನೆಯ ಮೂಲವಸ್ತುವಿನ ರಚನೆಯನ್ನು ತಿಳಿಸಿದನು. ಇಂದು ಅಗರಬತ್ತಿಗಳಿಗೆ ಬರುವುದು ಬಹುಮಟ್ಟಿಗೆ ಕಾರ್ಖಾನೆಯ ಗಂಧವೇ. ಆದರೆ ‘ಅಸಲು’ ಎಂದು ಹೆಚ್ಚಿನ ಬೆಲೆಗೆ ಗುಟ್ಟಾಗಿ ಬರುವ ಪೊಟ್ಟಣದ ಮುಂದೆ ಮಂದಿರದ ಟ್ರಸ್ಟಿಗಳು ಎರಡು ಮಾತು ಕೇಳಬೇಕಾಗುತ್ತದೆ. ನಕಲಿಯಾದರೆ ಅಷ್ಟು ಹಣವೇಕೆ? ಅಸಲಿಯಾದರೆ ಅದು ಕಾನೂನಿಗೂ ವ್ರತಕ್ಕೂ ವಿರುದ್ಧ.

ಬೇಟೆಗಾಗಿ ಕಲಿತ ವಿದ್ಯೆಯು ಬೇಟೆಯನ್ನು ಬಿಡಿಸಿದ ಪ್ರಸಂಗವೂ ಜೈನ ಸಾಹಿತ್ಯದಲ್ಲಿದೆ. ಹದಿಮೂರನೆಯ ಶತಮಾನದ ಹಂಸದೇವನೆಂಬ ಜೈನ ವಿದ್ವಾಂಸನು ಸುಮಾರು 1,700 ಶ್ಲೋಕಗಳ ‘ಮೃಗಪಕ್ಷಿಶಾಸ್ತ್ರ’ವನ್ನು ಬರೆದನು. ಜಿನಪುರದ ಶೌಡದೇವನೆಂಬ ಅರಸನು ಬೇಟೆಗೆ ಹೋಗಿ, ಓಡುವ ಮೃಗಗಳ, ಹಾರುವ ಪಕ್ಷಿಗಳ ಚೆಲುವಿಗೆ ಮನಸೋತು, ಇವುಗಳನ್ನು ಕೊಲ್ಲುವ ಬದಲು ತಿಳಿಯಬೇಕೆಂದು ಬಯಸಿದನಂತೆ. ಮಂತ್ರಿ ತಾರಾಚಂದ್ರನ ಮೂಲಕ ಆ ಕೆಲಸ ಹಂಸದೇವನಿಗೆ ಬಂತು. 1925ರಲ್ಲಿ ತಿರುಪತಿಯ ಶಾಸನತಜ್ಞ ವಿಜಯರಾಘವಾಚಾರ್ಯರಿಂದ ಈ ಹಸ್ತಪ್ರತಿ ಬೆಳಕಿಗೆ ಬಂದು, 1927ರಲ್ಲಿ ಇಂಗ್ಲಿಷ್ ಅನುವಾದ ಹೊರಟಿತು. ಪ್ರಾಣಿಗಳ ಬೆದೆಯ ಕಾಲ, ಗರ್ಭದ ಅವಧಿ, ಸ್ವಭಾವ, ಆಯುಷ್ಯಗಳನ್ನು ಅದು ಹೇಳುತ್ತದೆ. ಇದೇ ತಿಳಿವಳಿಕೆ ಬೇಡನ ಕೈಯಲ್ಲಿ ವಧಕೋಪದೇಶವಾಗುತ್ತಿತ್ತು. ಸೋಮೇಶ್ವರನಿಗೂ ಹಂಸದೇವನಿಗೂ ಜಿಂಕೆಯ ಜ್ಞಾನದಲ್ಲಿ ದೊಡ್ಡ ಅಂತರವಿರಲಿಕ್ಕಿಲ್ಲ. ಅಂತರವಿದ್ದುದು ಆ ಜ್ಞಾನ ಯಾರ ಕಿವಿಗೆ, ಯಾವುದಕ್ಕಾಗಿ ಎಂಬುದರಲ್ಲಿ.

ದೀವವೊಂದು ಸನ್ಮಾರ್ಗಕ್ಕೆ ಸೆಳೆದ ಉದಾಹರಣೆಯೂ ಇದೆ, ಅದು ಮಳಖೇಡದ ಮೂಲನಾಯಕನದೇ ಕಥೆ. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಮೃಗಗಳನ್ನು ಕೂಡಿಹಾಕಿದ್ದು ಕೇವಲ ಔತಣಕ್ಕಲ್ಲ. ನೇಮಿಕುಮಾರನ ಬಲವನ್ನು ಕಂಡು ಶಂಕಿತನಾದ ಕೃಷ್ಣನು, ಇವನಿಗೆ ವೈರಾಗ್ಯ ಹುಟ್ಟಲೆಂದು ಬೇಡರಿಂದ ಮೃಗಗಳನ್ನು ತರಿಸಿ ದಾರಿಯಲ್ಲಿ ಬೇಲಿಯೊಳಗೆ ನಿಲ್ಲಿಸಿ, ಕೇಳಿದರೆ ಮದುವೆಯ ಊಟಕ್ಕೆಂದು ಹೇಳಿರೆಂದು ಕಾವಲಿನವರಿಗೆ ಕಲಿಸಿದ್ದನು. ಉಪಾಯ ಫಲಿಸಿತು. ಆ ಕಥೆಯಲ್ಲಿ ದೀವವಾದವುಗಳು ಮೃಗಗಳು, ಸೆಳೆಯಲ್ಪಟ್ಟವನು ತೀರ್ಥಂಕರ. ಕೃಷ್ಣನ ಮಾಯೆಯು ಅದರಿಂದ ಪುಣ್ಯವಾಯಿತೆಂದು ಪುರಾಣ ಹೇಳುವುದಿಲ್ಲ. ನೇಮಿಸ್ವಾಮಿಯು ಮಾಡಿದುದೂ ಬಹಳ ಸರಳ. ಇವೇಕೆ ಇಲ್ಲಿವೆಯೆಂದು ಕಾವಲಿನವರನ್ನು ಕೇಳಿದನು. ಕೇಳದೆ ರಥ ಮುಂದಕ್ಕೆ ಹೋಗಬಹುದಿತ್ತು.

ಇಂದಿನ ಚಿಂಚೋಳಿ ಸೀಮೆಯಲ್ಲಿ ಪ್ರಶ್ನೆಯು ತೊಗರಿ ಹೊಲದಿಂದ ಬರುತ್ತದೆ. ಎಳೆಯ ಪೈರಿನ ಮೇಲೆ ಜಿಂಕೆಯ ಹಿಂಡು ಇಳಿದರೆ ರೈತನ ಆರು ತಿಂಗಳ ದುಡಿಮೆಯ ಒಂದು ಪಾಲು ಹೋಗುತ್ತದೆ. ಅವನ ನಷ್ಟವನ್ನು ಕಡೆಗಣಿಸಿ ಪಟ್ಟಣದವರು ಅಹಿಂಸೆಯನ್ನು ಬೋಧಿಸುವುದು ಶೋಭಿಸದು. ಬೆಳೆಯನ್ನು ಕಾಯುವುದಕ್ಕೂ ಗಂಧವೇ ನೆರವಾಗುವುದುಂಟು. ಹೊಲದ ಅಂಚಿಗೆ ಮನುಷ್ಯರ ಕೂದಲು ಕಟ್ಟುವುದು, ಉಟ್ಟು ಹಳೆಯದಾದ ಸೀರೆಗಳನ್ನು ಬೇಲಿಯಾಗಿ ಸುತ್ತುವುದು ಅನೇಕ ಜಿಲ್ಲೆಗಳ ರೈತರು ಮಾಡುತ್ತ ಬಂದ ಉಪಾಯಗಳು. ಇಲ್ಲಿ ಪ್ರಾಣಿಯ ಇಂದ್ರಿಯಕ್ಕೆ ಹೇಳುವುದು ನಿಜವನ್ನೇ, ಮನುಷ್ಯನಿದ್ದಾನೆ, ಬರಬೇಡವೆಂದು; ಬೇಟೆಗಾರನು ಹೇಳುವುದು ಮನುಷ್ಯನಿಲ್ಲ, ಬಾ ಎಂದು. ವನ್ಯಪ್ರಾಣಿಗಳಿಂದಾದ ಬೆಳೆನಷ್ಟಕ್ಕೆ ಅರಣ್ಯ ಇಲಾಖೆಯು ಪರಿಹಾರ ಕೊಡುತ್ತದೆ. ಅರ್ಜಿ, ಪಹಣಿ, ಫೋಟೋಗಳ ಓಡಾಟಕ್ಕೆ ಹೆದರಿ ಬಿಡುವವರು ಇರುತ್ತಾರೆ. ಲೆಕ್ಕಪತ್ರ ಬಲ್ಲ ವರ್ತಕರು, ಮಂದಿರದ ಟ್ರಸ್ಟುಗಳು ಈ ಒಂದು ಕೆಲಸದಲ್ಲಿ ಕೈಜೋಡಿಸಿದರೆ ಅದು ಜೀವದಯೆಯ ಫಂಡಿಗೆ ಹೊರತಾದ ಕೆಲಸವೇನಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ‘ಬೇಟೆ’ ಎಂಬ ಪದದ ವ್ಯಾಖ್ಯೆಯಲ್ಲಿ ಕೊಲ್ಲುವುದನ್ನಷ್ಟೇ ಹೇಳಿಲ್ಲ. ಹಿಡಿಯುವುದು, ಅಟ್ಟುವುದು, ಉರುಲೊಡ್ಡುವುದು, ಎರೆಯೊಡ್ಡುವುದು, ಇವುಗಳಿಗೆ ಯತ್ನಿಸುವುದು ಎಲ್ಲವನ್ನೂ ಒಳಗೊಂಡಿದೆ. ಕೃಷ್ಣಮೃಗವು ಆ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಸಮಾರಂಭವನ್ನೂ ಆರಂಭದೊಡನೆ ಎಣಿಸಿದ ಸೂತ್ರಕಾರರ ದೃಷ್ಟಿಗೆ ಕಾನೂನು ಇಷ್ಟರ ಮಟ್ಟಿಗೆ ಬಂದು ತಲುಪಿದೆ. ಆದರೆ ಅಡತಿಯ ಕಟ್ಟೆಯ ಮೇಲೆ ನಡೆಯುವ ಮಾತುಕತೆಯನ್ನು ಕಾನೂನು ಎಷ್ಟೆಂದು ಕಾದೀತು? ತೊಗರಿ ತೂಗುವಾಗ ರೈತನು ತನ್ನ ಹೊಲಕ್ಕೆ ಹಿಂಡು ಬರುವ ಹೊತ್ತನ್ನು ಹೇಳುತ್ತಾನೆ. ಸಂಜೆ ಇನ್ನಾರೋ ಬಂದು, ಟಾರ್ಚು, ಜೀಪು ಇದ್ದವರು, ಈಗ ಜಿಂಕೆ ಯಾವ ಕಡೆಗಿವೆಯೆಂದು ಸಹಜವಾಗಿ ಕೇಳುತ್ತಾರೆ. ಅಕಲಂಕದೇವರ ವಾಕ್ಯವು ನಿಲ್ಲುವುದು ಆ ಕಟ್ಟೆಯ ಮೇಲೆ. ರೈತನು ಹೇಳಿದ ಸುದ್ದಿಯು ಪರಿಹಾರದ ಅರ್ಜಿಯೊಡನೆ ಅರಣ್ಯ ಕಚೇರಿಗೆ ಹೋಗಬಹುದು. ಸಂಜೆ ಕೇಳಿದವರಿಗೆ ತೊಗರಿಯ ಅಂದಿನ ದರವನ್ನಷ್ಟೇ ಹೇಳಿ ಕಳುಹಿಸಬಹುದು.